ಡಿಸ್ಕಾರ್ಡ್ ಮಾಡಿದ ಪರ್ಕಾರ

ದಾಂಡೇಲಿಯ ನಮ್ಮ ಕಾನ್ವೆಂಟಿನ ಲೈಬ್ರರಿಯಲ್ಲಿ ಹಿಡಿಕೆ ಸವೆದ ಒಂದು ರಬ್ಬರ್ ಮೊಹರಿತ್ತು. ಅದರಲ್ಲಿ ಇದ್ದದ್ದು ಒಂದೇ ಶಬ್ದ, ಡಿಸ್ಕಾರ್ಡ್. ವಾರ್ಷಿಕ ಪರೀಕ್ಷೆ ಮುಗಿದು ಸೂಟಿ ಬಿಡುವ ಮುನ್ನ ಲೈಬ್ರರಿಯ ಸಿಸ್ಟರ್ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಈ ಹುಡುಗಿಯ ಕೈಯಲ್ಲಿ ಮೊಹರು ಸೊಟ್ಟಗೆ ಬೀಳುವುದಿಲ್ಲ ಎಂದು ಅವರಿಗೆ ನಂಬಿಕೆ. ಕಪಾಟಿನಿಂದ ಒಂದು ಪುಸ್ತಕ ತೆಗೆದು, ಹಾಳೆ ಹಾಳೆ ತಿರುವಿ, ಗೆದ್ದಲು ತಿಂದ ಅಂಚನ್ನು ಬೆರಳಿನಿಂದ ಸವರಿ, ಕೊನೆಗೆ ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದರು. ಆಮೇಲೆ ಒಂದೋ ಅದು ಕಪಾಟಿಗೆ ವಾಪಸ್, ಇಲ್ಲವೇ ನನ್ನ ಕಡೆಗೆ. ನನ್ನ ಕಡೆಗೆ ಬಂದದ್ದರ ಮೊದಲ ಪುಟದ ಮೇಲೆ ನಾನು ನೇರಳೆ ಶಾಯಿಯ ಮೊಹರು ಒತ್ತುತ್ತಿದ್ದೆ.

"ಸಿಸ್ಟರ್, ಸುಮ್ಮನೆ ಬಿಸಾಡಬಹುದಲ್ಲ?" ಎಂದು ಎಂಟನೆಯ ಇಯತ್ತೆಯಲ್ಲಿದ್ದಾಗ ಕೇಳಿದ್ದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಿಸಾಡುವವರಿಗೆ ನೋಡುವ ಕೆಲಸ ಇಲ್ಲ, ಮಗು. ಡಿಸ್ಕಾರ್ಡ್ ಮಾಡುವವರು ಮೊದಲು ಪೂರ್ತಿ ನೋಡಬೇಕು. ನೋಡಿ, ಬೇಡ ಅಂತ ತೀರ್ಮಾನ ಮಾಡಬೇಕು. ಆಮೇಲೆ ಕೈ ಬಿಡಬೇಕು."

ಆ ಶಬ್ದ ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ ಒಗೆಯುವುದು, ಚೆಲ್ಲುವುದು, ಎಸೆಯುವುದು, ಬಿಸಾಡುವುದು ಎಲ್ಲದರಲ್ಲೂ ಒಂದು ತೋಳು ಬೀಸಿದ ಹಾಗೆ ಕಾಣುತ್ತದೆ. ಸ್ವಲ್ಪ ಸಿಟ್ಟಿರುತ್ತದೆ, ಸ್ವಲ್ಪ ಸಪ್ಪಳವಿರುತ್ತದೆ. ಡಿಸ್ಕಾರ್ಡಿನಲ್ಲಿ ತೋಳು ಅಲ್ಲಾಡುವುದೇ ಇಲ್ಲ. ಕೂತಲ್ಲೇ ಕೂತು, ದನಿ ಏರಿಸದೆ, ನಗುತ್ತ ಮಾಡಬಹುದಾದ ಕೆಲಸ ಅದು. ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ನಾನು ಜೋರಾಗಿ ಮಾತಾಡಿದ್ದನ್ನು ಈವರೆಗೆ ಯಾರೂ ಕೇಳಿಲ್ಲ.

ಮದುವೆಯಾಗಿ ಹಳಿಯಾಳಕ್ಕೆ ಬಂದಾಗ ಆ ಶಬ್ದವನ್ನೂ ಜೊತೆಗೆ ತಂದೆ. ಯಜಮಾನರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮನೆಯಲ್ಲಿ ಅವರು, ನಾನು, ಅತ್ತೆ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಏನನ್ನೂ ಹೊರಗೆ ಹಾಕುವವರಲ್ಲ. ಔಷಧದ ಖಾಲಿ ಬಾಟಲಿ, ಹಿಡಿ ಮುರಿದ ಬಕೀಟು, ಹಾಲಿನ ಪಾಕೀಟು ತೊಳೆದು ಒಣಗಿಸಿ ಕಟ್ಟಿದ ಕಟ್ಟು, ಎಲ್ಲ ಹಿತ್ತಲ ಕೋಣೆಯಲ್ಲಿ.

"ಇದನ್ನ ಡಿಸ್ಕಾರ್ಡ್ ಮಾಡೂಣ್ರಿ ಅತ್ತಿ," ಎಂದು ಮೊದಲ ವಾರದಲ್ಲೇ ಮೆಲ್ಲಗೆ ಹೇಳಿದ್ದೆ.

ಅವರು ಅದನ್ನು ಓಣಿಗೆಲ್ಲ ಹಂಚಿದರು. ಕಟ್ಟೆಯ ಮೇಲೆ ಕೂತು ಎದುರುಮನೆಯವರಿಗೆ ಹೇಳುತ್ತಿದ್ದರು, "ನಮ್ಮ ಸೊಸಿ ಕಸಾ ಚೆಲ್ಲೂದಿಲ್ಲವಾ, ಡಿಸ್ಕಾರ್ಡ ಮಾಡ್ತಾಳ. ನಮ್ಮ ಮನಿಗೆ ಕಾನ್ವೆಂಟಿನ ಕಸಬರಗಿ ಬಂದೈತಿ." ಮುಂಜಾನೆ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಗೆ ಬಂದರೆ ಎದುರುಮನೆಯಾಕೆ ಅಲ್ಲಿಂದಲೇ ಕೂಗುವಳು, "ಏನವಾ, ಇವತ್ತಿನ ಡಿಸ್ಕಾರ್ಡ ಆತೇನು?" ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಯಜಮಾನರಿಗೂ ಶಬ್ದ ಅಂಟಿತು, ಅಂಗಡಿಯಲ್ಲಿ ಸವೆದ ಬೇರಿಂಗಿಗೆ ಡಿಸ್ಕಾರ್ಡ್ ಮಾಲು ಎನ್ನತೊಡಗಿದರು. ಆರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಅದು ಉಪ್ಪು, ಎಣ್ಣೆಯಷ್ಟೇ ದಿನಬಳಕೆಯ ಮಾತಾಯಿತು.

ನನ್ನ ತಾಯಿ ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಹೋದವಳು. ಅವಳ ಒಂದೇ ಒಂದು ಸೀರೆ ನನ್ನ ಹತ್ತಿರ ಇತ್ತು. ಬೂದು ಬಣ್ಣದ ಹತ್ತಿ ಸೀರೆ, ಸೆರಗಿನ ತುದಿ ಹರಿದಿತ್ತು, ಆ ಹರಿದಲ್ಲಿ ಅವಳೇ ಹಾಕಿದ ಬಿಳಿ ದಾರದ ಹೊಲಿಗೆ. ನನ್ನ ಬಟ್ಟೆಗಳ ತಳದಲ್ಲಿ ಇಟ್ಟುಕೊಂಡಿದ್ದೆ. ಮದುವೆಯಾದ ಮೊದಲ ವರ್ಷ ಒಂದು ದಿನ ಪೇಟೆಯಿಂದ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಸ್ಟೀಲಿನ ಸಾಣಿಗೆ ಹೊಳೆಯುತ್ತಿತ್ತು. ನಮ್ಮ ಕಡೆ ಹಳೇ ಬಟ್ಟೆ ಇಸಿದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬುಟ್ಟಿ ಹೊತ್ತು ಓಣಿ ತಿರುಗುತ್ತಾರೆ. ಅತ್ತೆ ನನ್ನ ಕಪಾಟು ತೆಗೆದಿದ್ದರು.

"ಅತ್ತಿ, ಬೂದಿ ಬಣ್ಣದ ಸೀರಿ..."

"ಹರದಿತ್ತಲ್ಲ ಅದು? ಭಾಂಡೇದಾಕಿ ಬಂದಿದ್ಲು, ಕೊಟ್ಟೆ."

"ಅದು ನಮ್ಮವ್ವಂದು ರೀ."

ಅವರು ಸಾಣಿಗೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ತೂತುಗಳ ಬೆಳಕು ಅವರ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು. "ಗೊತ್ತೈತಿ. ಸತ್ತಾಕೀ ಸೀರಿ ಇಟಗೊಂಡು ಏನ್ ಮಾಡ್ತಿ? ನೀನ ಕಲಿಸೀಯಲ್ಲ, ಬ್ಯಾಡಾದ್ದು ಡಿಸ್ಕಾರ್ಡ ಮಾಡಬೇಕಂತ. ಮಾಡೀನಿ ನೋಡು."

ಅವರು ಆ ಶಬ್ದವನ್ನು ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದು ಅದೇ ಮೊದಲು. ನಾನು, "ಆತ್ರಿ ಅತ್ತಿ," ಎಂದೆ. ಅಂದಿನ ಉಪ್ಪಿಟ್ಟಿನ ರವೆಯನ್ನು ಅದೇ ಸಾಣಿಗೆಯಲ್ಲಿ ಹಿಡಿದೆ. ಮುಂದಿನ ಏಳು ವರ್ಷವೂ ಹಿಡಿದೆ. ನನ್ನನ್ನು ಎಲ್ಲರೂ ಶಾಂತ ಸ್ವಭಾವದ ಸೊಸೆ ಎಂದರು, ಅತ್ತೆಯೂ ಎಂದರು. ಅವರ ಊಟದ ತಟ್ಟೆ ಒಂದು ದಿನವೂ ತಡವಾಗಲಿಲ್ಲ.

ಆ ಏಳು ವರ್ಷದಲ್ಲಿ ನನಗೊಬ್ಬ ಮಗಳು ಹುಟ್ಟಿದಳು, ಅತ್ತೆಯ ಎರಡೂ ಕಣ್ಣಿಗೆ ಪೊರೆ ಬೆಳೆಯಿತು. ಧಾರವಾಡಕ್ಕೆ ಕರೆದೊಯ್ದು ಆಪರೇಶನ್ ಮಾಡಿಸೋಣ ಎಂದು ಯಜಮಾನರು ಮೂರು ವರ್ಷ ಬೆನ್ನುಹತ್ತಿದರು. ಅತ್ತೆ ಜಗ್ಗಲಿಲ್ಲ. "ಕಣ್ಣಾಗ ಚೂರಿ ಹಾಕ್ತಾರ, ನಾ ಒಲ್ಲೆ. ಇದ್ದಷ್ಟು ಕಾಣ್ತೈತಿ, ಸಾಕು." ಕೊನೆಗೆ ಬಾಗಿಲಲ್ಲಿ ನಿಂತವರು ಯಾರು ಎನ್ನುವುದು ದನಿಯಿಂದಲೇ ಗೊತ್ತಾಗಬೇಕು ಎನ್ನುವ ಹಂತಕ್ಕೆ ಬಂತು.

ಅತ್ತೆಗೆ ಒಬ್ಬ ಮಗಳಿದ್ದಳು. ನಾನು ಅವಳನ್ನು ನೋಡಿಲ್ಲ. ಮುಂಡಗೋಡದ ಹತ್ತಿರ ಇಂದೂರಿಗೆ ಕೊಟ್ಟಿದ್ದರು, ಮದುವೆಯಾದ ವರ್ಷದೊಳಗೆ ಕಾಮಾಲೆಯಾಗಿ ಹೋದಳು. ಇಂದೂರಿನವರು ಅವಳ ಬಟ್ಟೆಗಳನ್ನು ಒಂದು ತಗಡಿನ ಟ್ರಂಕಿನಲ್ಲಿ ಹಾಕಿ ತವರಿಗೆ ಕಳಿಸಿದರು. ಮದುವೆಯ ಫೋಟೊ ಒಂದೂ ಕಳಿಸಲಿಲ್ಲ. ನಮ್ಮ ಮನೆಯ ಗೋಡೆಗೆ ಇದ್ದದ್ದು ಶಾಲೆಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಅವಳ ಕೊರಳಿನ ತನಕದ ಚಿತ್ರ ಮಾತ್ರ. ಟ್ರಂಕು ಅತ್ತೆಯ ಮಂಚದ ಕೆಳಗೆ. ಅದನ್ನು ಅವರು ತೆಗೆಯುತ್ತಿರಲಿಲ್ಲ, ಯಾರಿಗೂ ತೆಗೆಯಗೊಡುತ್ತಿರಲಿಲ್ಲ. ಮನೆಯಲ್ಲಿ ಡಿಸ್ಕಾರ್ಡ್ ಎಂಬ ಶಬ್ದ ಮುಟ್ಟದೆ ಇದ್ದ ಒಂದೇ ಒಂದು ವಸ್ತು ಅದು.

ದೀಪಾವಳಿ ಮುಗಿದು ಚಳಿ ಬೀಳುವ ಹೊತ್ತಿಗೆ ಯಲ್ಲಾಪುರದ ದಾರಿಯಲ್ಲಿರುವ ಒಂದು ವಾಡೆಯಿಂದ, ನಾಲ್ಕಾರು ಮನೆಗಳ ಹಳ್ಳಿಯಿಂದ, ಕೌದಿ ಹೊಲಿಯುವ ಹೆಂಗಸು ನಮ್ಮ ಮನೆಗೆ ಬರುವುದು ರೂಢಿ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದಳು. ಅವಳನ್ನು ನಾವೆಲ್ಲ ಕೌದಿ ಆಯಿ ಎನ್ನುತ್ತಿದ್ದೆವು. ಮನೆಯವರ ಹಳೇ ಬಟ್ಟೆಗಳನ್ನು ಹರಿದು ತೇಪೆ ಮಾಡಿ, ಒಂದರ ಪಕ್ಕ ಒಂದಿಟ್ಟು, ಕಟ್ಟೆಯ ಮೇಲೆ ಕೂತು ಎಂಟು ಹತ್ತು ದಿನ ಹೊಲಿಯುವಳು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಳು.

ಆ ವರ್ಷ ಅತ್ತೆ ಆಕೆಗೆ ಹೇಳಿಕಳಿಸಿ, ಆಮೇಲೆ ನನ್ನನ್ನು ಕರೆದರು. ಮಂಚದ ಮೇಲೆ ಕೂತಿದ್ದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಗಾಳಿಯಲ್ಲಿ ಚಾಚಿದರು, ನಾನು ಎಲ್ಲಿ ನಿಂತಿದ್ದೇನೆ ಎಂದು ಅಂದಾಜಿರಲಿಲ್ಲ.

"ಟ್ರಂಕ್ ತಗಿ. ನನ್ನ ಮಗಳ ಅರಿವಿ ಎಲ್ಲಾ ಹೊರಗ ಹಾಕು. ಒಂದ ಕೌದಿ ಆಗ್ಲಿ. ಅದನ್ನ ಹೊಚಗೊಂಡ ಮಲಕೋತೀನಿ. ಆಕೀ ಸಂಗಾಟ ಮಲಕೊಂಡಂಗ ಆಕ್ಕೈತಿ." ಸ್ವಲ್ಪ ತಡೆದು, "ನನಗ ಕಾಣಂಗಿಲ್ಲ. ನೀನ ಆರಿಸಿ ಕೊಡು. ನಿನ್ನ ಕೈ ಸ್ವಚ್ಛ," ಎಂದರು. ಆಮೇಲೆ ಗೋಡೆ ಹಿಡಿದು ಬಿಸಿಲಿಗೆ ಕೂರಲು ಕಟ್ಟೆಗೆ ಹೋದರು.

ನಾನು ಬಾಗಿಲು ಮುಂದೆ ಮಾಡಿ ಟ್ರಂಕು ತೆಗೆದೆ. ಸಿಸ್ಟರ್ ಕಲಿಸಿದ ಹಾಗೆಯೇ ಒಂದೊಂದನ್ನೂ ಬಿಡಿಸಿ ಮಂಚದ ಮೇಲೆ ಹರಡಿ ಪೂರ್ತಿ ನೋಡಿದೆ. ಹಳದಿ ನೈಟಿ, ಅದರ ಒಂದು ಗುಂಡಿ ಕಳೆದು ಅಂಗಿಯ ಗುಂಡಿ ಹಚ್ಚಿದ್ದಳು. ಬಗಲಲ್ಲಿ ಬೆವರಿನ ಗುರುತು ಉಳಿದ ಕೆಂಪು ಕುಪ್ಪಸ. ಇನ್ನೂ ಮಡಿಕೆಯ ಗೆರೆ ಹೋಗದ ಎರಡು ಸೀರೆ. ಮತ್ತೆ ನವಿಲು ಬಣ್ಣದ ಒಂದು ಪರ್ಕಾರ, ಹುಡುಗಿಯಾಗಿದ್ದಾಗ ತೊಟ್ಟ ಉದ್ದ ಲಂಗ, ಗಂಡನ ಮನೆಗೂ ಒಯ್ದಿದ್ದಳು. ಬೆಳೆಯುತ್ತ ಹೋದಂತೆ ಅದರ ಅಂಚನ್ನು ಎರಡು ಸಲ ಇಳಿಸಿದ್ದರು. ಬಿಚ್ಚಿದ ಹೊಲಿಗೆಯ ಜಾಗದಲ್ಲಿ ಎರಡು ಗೆರೆ, ಅಲ್ಲಿ ಬಣ್ಣ ಮಾಸಿರಲಿಲ್ಲ. ಒಳಗಿನ ಜೇಬಿನಲ್ಲಿ ಚಾಕಲೇಟಿನ ಕಾಗದವನ್ನು ತಿರುಚಿ ಮಾಡಿದ ಒಂದು ಗೊಂಬೆ. ಕೈ, ಕಾಲು, ಜಡೆ ಎಲ್ಲ ಇತ್ತು. ಆ ಪರ್ಕಾರವನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಮುಖಕ್ಕೂ ಹಿಡಿದೆ. ಹುಣಸೆಹಣ್ಣು ಮತ್ತು ತಗಡಿನ ವಾಸನೆ.

ನೋಡಿದ್ದಾಯಿತು. ತೀರ್ಮಾನವೂ ಆಯಿತು.

ಪಾತ್ರೆಯವಳ ಕೂಗು ಕೇಳಲು ಎರಡು ದಿನ ಕಾದೆ. ಹಿತ್ತಲ ಬಾಗಿಲಿಗೆ ಕರೆದೆ. ಅವಳು ಪ್ರತಿಯೊಂದನ್ನೂ ಕೊಡವಿ, ತೂತು ಹುಡುಕಿ, ಮೂಗು ಮುರಿದಳು. "ಬಾಯಾರ, ಭಾಳ ದಿನದ್ದು ವಾಸನಿ ಐತಿ. ಹ್ವಾದವ್ರವೇನ್ರಿ ಇವು?"

"ಹೌದು."

"ಸೀರಿ ಛಲೋ ಅದಾವ್ರಿ. ದೊಡ್ಡ ಡಬರಿ ಕೊಡ್ತೀನಿ ತಗೋರಿ."

ನಾನು ಅವಳ ಬುಟ್ಟಿಯಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿಕೊಂಡೆ. ಚಹಾ ಸೋಸುವ ಜಾಳಿಗೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ನಾನು ಮನಸ್ಸು ಬದಲಾಯಿಸುವ ಮೊದಲೇ ಗಂಟು ಕಟ್ಟಿಕೊಂಡು ಹೊರಟುಹೋದಳು. ದೊಡ್ಡ ಡಬರಿ ತೆಗೆದುಕೊಂಡಿದ್ದರೆ ಅದು ವ್ಯಾಪಾರವಾಗುತ್ತಿತ್ತು. ನನಗೆ ವ್ಯಾಪಾರ ಬೇಕಿರಲಿಲ್ಲ. ಕಾಗದದ ಗೊಂಬೆ ಜೇಬಿನಲ್ಲೇ ಹೋಯಿತು.

ಓಣಿಯ ತುದಿಯಲ್ಲಿ ಟೇಲರ್ ಚಾಚಾನ ಅಂಗಡಿ. ಅವನು ಕತ್ತರಿಸಿ ಉಳಿದ ತುಂಡುಗಳನ್ನು ಚೀಲಕ್ಕೆ ತುಂಬಿ ಇಡುತ್ತಿದ್ದ. "ಕೌದಿಗೇನು ಬಾಯಿ? ಒಯ್ರಿ, ಒಯ್ರಿ, ಜಾಗಾ ಖಾಲಿ ಆತು," ಎಂದು ಎರಡು ಚೀಲ ಕೊಟ್ಟ. ಹಸಿರು ಹೂವಿನದು, ಕಂದು ಪಟ್ಟೆಯದು, ಯಾವುದೋ ಮನೆಯ ಪರದೆಯದು. ಅವನ್ನು ಸೋಡಾ ಹಾಕಿ ಎರಡು ಸಲ ಕುದಿಸಿದೆ. ಮೆತ್ತಗಾಗಲಿ ಎಂದು ಕಲ್ಲಿನ ಮೇಲೆ ತಿಕ್ಕಿದೆ. ಒಣಗಿದ ಮೇಲೆ ಖಾಲಿ ಟ್ರಂಕಿನಲ್ಲಿ ನಾಲ್ಕು ದಿನ ಮುಚ್ಚಿಟ್ಟೆ. ಟ್ರಂಕಿನ ವಾಸನೆ ಹಿಡಿಯಬೇಕಲ್ಲ.

ಅತ್ತೆ ಒಂದೊಂದೇ ತುಂಡನ್ನು ಬೆರಳಲ್ಲಿ ಹೊಸಕಿ ನೋಡಿದರು. ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ.

"ಇದು ಯಾವುದ?"

"ನೈಟೀದು ರೀ."

"ಮತ್ತ ಇದು? ದಪ್ಪ ಐತಲ್ಲ?"

"ಪರ್ಕಾರದ್ದ್ರಿ ಅತ್ತಿ. ಅಂಚಿನ ಕಡೆ ದಪ್ಪ ಇರ್ತೈತಲ್ರಿ. ಎರಡ ಸಲ ಇಳಿಸೀರಿ ಅದನ್ನ, ಗೆರಿ ಕಾಣ್ತಾವು."

ಅವರ ಮುಖ ಅರಳಿತು. "ಹೌದವಾ, ಎರಡ ಸಲ ಇಳಿಸಿದ್ದೆ. ಉದ್ದ ಭಾಳ ಬೆಳೀತಿದ್ಲು." ಪರದೆಯ ತುಂಡನ್ನು ಕೆನ್ನೆಗೆ ಒತ್ತಿಕೊಂಡರು. ನನ್ನ ಕಡೆಗೆ ತಿರುಗಿ, ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತ, "ನಿನ್ನಂಥಾ ಸೊಸಿ ಸಿಕ್ಕಿದ್ದು ನನ್ನ ಪುಣ್ಯೇ," ಎಂದರು. ಅದೊಂದು ಸುಖದ ಗಳಿಗೆ. ಯಾವುದಕ್ಕೂ ಸಾಟಿಯಿಲ್ಲದ್ದು, ನಿಜ ಹೇಳುತ್ತೇನೆ.

ಕೌದಿ ಆಯಿ ಬಂದು ಕೆಲಸ ಶುರು ಮಾಡಿದ ಮೊದಲ ದಿನವೇ, ಅತ್ತೆ ಒಳಗೆ ಮಲಗಿದ್ದಾಗ, ನನ್ನನ್ನು ಸನ್ನೆ ಮಾಡಿ ಕರೆದಳು. ತೊಡೆಯ ಮೇಲೆ ತುಂಡುಗಳಿದ್ದವು.

"ಅಕ್ಕಾರ, ಈ ಅರಿವಿ ಯಾರೂ ಉಟ್ಟಿಲ್ರಿ."

"ಯಾಕ ಆಯಿ?"

"ಅಂಚ ನೋಡ್ರಿ, ಕತ್ರಿ ಹಾಕಿದ್ದು ಐತಿ. ಉಟ್ಟ ಅರಿವಿ ಹಿಂಗ ಇರಂಗಿಲ್ಲ. ಮೊಣಕಾಲ ಹಂತೇಕ ಸವದಿರ್ತೈತಿ, ಕುಂಡರೋ ಕಡೆ ತೆಳ್ಳಗ ಆಗಿರ್ತೈತಿ. ಇದಕ್ಕ ಯಾರ ಮೈನೂ ಹತ್ತಿಲ್ಲ." ದನಿ ತಗ್ಗಿಸಿದಳು. "ನಿಮ್ಮ ಅತ್ತಿಯಾರು ಮಗಳದಂತ ಹೇಳ್ಯಾರ. ಮಗಳವು ಎಲ್ಲಿ ಅದಾವ್ರಿ?"

ನಾನು ಅವಳ ಪಕ್ಕ ಕೂತೆ. ಅವಳ ದಬ್ಬಣಕ್ಕೆ ದಾರ ಪೋಣಿಸಿ ಕೊಟ್ಟೆ. "ಆಯಿ, ನಿಮ್ಮ ಕಣ್ಣೂ ಮಂಜಾಗ್ಯಾವೇನು? ವಯಸ್ಸಾತು, ಪಾಪ. ಮುಂದಿನ ಸಲ ನಿಮಗ್ಯಾಕ ತ್ರಾಸು, ಬ್ಯಾರೆ ಯಾರಿಗರ ಹೇಳತೇನಿ. ಎದುರಮನಿಯವರಿಗೂ ಹೇಳತೇನಿ. ಮಷಿನ್ ಮ್ಯಾಲೆ ಹೊಲಿಯೋರು ಈಗ ಭಾಳ ಮಂದಿ ಆಗ್ಯಾರ."

ನಮ್ಮ ಓಣಿಯ ಐದು ಮನೆಗೆ ಅವಳೇ ಹೊಲಿಯುತ್ತಿದ್ದಳು. ನಾನು ಚಹಾ ತಂದುಕೊಟ್ಟೆ, ಜೊತೆಗೆ ಎರಡು ಬಿಸ್ಕೀಟು. ಬಿಸ್ಕೀಟು ತಟ್ಟೆಯಲ್ಲೇ ಮೆತ್ತಗಾಯಿತು. ಆಮೇಲೆ ಒಂಬತ್ತು ದಿನ ಅವಳು ಹೊಲಿದಳು, ನನ್ನ ಜೊತೆ ಮಾತಾಡಲಿಲ್ಲ.

ಕೌದಿಯ ಕೊನೆಯ ತೇಪೆ ನಡುವಿನಲ್ಲಿ ಬರುತ್ತದೆ. ಅದನ್ನು ಮುಚ್ಚುವ ಮೊದಲು ಒಳಗೆ ರೊಟ್ಟಿಯ ಒಂದು ತುಣುಕು, ನಾಲ್ಕು ಕಾಳು ಅಕ್ಕಿ ಇಡುತ್ತಾರೆ. ಕೌದಿ ಹಸಿದಿರಬಾರದು ಎಂದು. ಹೊಟ್ಟೆ ತುಂಬಿದ ಕೌದಿ ಮಾತ್ರ ಮೈ ಬೆಚ್ಚಗಿಡುತ್ತದೆ ಎನ್ನುತ್ತಾರೆ ನಮ್ಮ ಕಡೆ. ಅತ್ತೆ ಅದನ್ನು ತಾವೇ ಇಡಬೇಕೆಂದರು. ರೊಟ್ಟಿಗೆ ಬೆಲ್ಲ ಹಚ್ಚಿಸಿದರು. "ಆಕೀಗೆ ಬೆಲ್ಲ ಇಲ್ಲಂದ್ರ ರೊಟ್ಟಿ ಇಳೀತಿರಲಿಲ್ಲ." ಕೌದಿ ಆಯಿ ಅವರ ಬೆರಳು ಹಿಡಿದು ಆ ಸಂದಿನ ತನಕ ಒಯ್ದಳು. ಅತ್ತೆ ತುಣುಕನ್ನು ಒಳಗೆ ತಳ್ಳಿ, ಮೇಲಿನಿಂದ ತಟ್ಟಿ, "ಉಣ್ಣು ನನ್ನವ್ವಾ," ಎಂದರು. ಆಗ ಕೌದಿ ಆಯಿ ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಮಾತು ಹೇಳಬಹುದಿತ್ತು ನಾನು. ಟೇಲರನ ತುಂಡುಗಳಿಗೆ ಬೆಲ್ಲದ ರೊಟ್ಟಿ ಉಣ್ಣಿಸುತ್ತಿದ್ದ ಮುದುಕಿಯನ್ನು ನೋಡುತ್ತ ನಿಂತೆ. ಕೌದಿ ಆಯಿ ಹೊಲಿಗೆ ಮುಚ್ಚಿದಳು. ಅದಾದ ಮೇಲೆ ಆಕೆ ನಮ್ಮ ಮನೆಗೆ ಬಂದಿಲ್ಲ. ಎರಡು ಸಲ ಹೇಳಿಕಳಿಸಿದೆ, ಮೈಯಲ್ಲಿ ಹುಷಾರಿಲ್ಲ ಎಂದು ಉತ್ತರ ಬಂತು.

ಅತ್ತೆ ಕೌದಿ ಹೊದ್ದು ಮಲಗತೊಡಗಿದರು. ಮುಂಜಾನೆ ಎದ್ದು, ತೇಪೆ ತೇಪೆ ತಡವಿ, ಇದು ನೈಟಿ, ಇದು ಕುಪ್ಪಸ ಎಂದು ಎಣಿಸುವರು. ತಪ್ಪಿದರೆ ನಾನು ತಿದ್ದುತ್ತಿದ್ದೆ. "ಅದಲ್ರಿ ಅತ್ತಿ, ಅದರ ಬಾಜೂದು." ಆದರೆ ಹದಿನೈದು ದಿನದಲ್ಲಿ ಅವರು ನಾನು ಎಣಿಸಿರದ ಒಂದು ಮಾತು ಹೇಳಿದರು. ಯಜಮಾನರನ್ನು ಕರೆದು, "ಧಾರವಾಡಕ್ಕ ಯಾವಾಗ ಹೋಗೂಣೋ?" ಎಂದರು. "ಆಪರೇಶನ್ ಮಾಡಸ್ಕೋತೀನಿ. ಒಮ್ಮಿ ಈ ಕೌದಿ ಕಣ್ಣಾರೆ ನೋಡಬೇಕಾಗೇತಿ. ಆಕೀ ಅರಿವಿ ನೋಡಲಾರದ ಎಷ್ಟ ವರ್ಷ ಆತು."

"ಈ ವಯಸ್ಸಿನ್ಯಾಗ ಯಾಕ್ರಿ ಅತ್ತಿ," ಎಂದೆ ನಾನು.

ಯಜಮಾನರು ನನ್ನನ್ನು ನೋಡಿ ನಕ್ಕರು. "ಏನ ನೀನು? ಮೂರ ವರ್ಷ ಆಕೀಗೆ ಹೇಳಿ ಹೇಳಿ ನನಗ ಸಾಕಾಗಿತ್ತು. ಈಗ ತಾನ ಒಪ್ಪಿದ್ರ ಬ್ಯಾಡ ಅಂತಿ."

ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ನಾನೇ ಜೊತೆಗೆ ಹೋದೆ, ದಿನಕ್ಕೆ ನಾಲ್ಕು ಸಲ ನಾನೇ ಹನಿ ಹಾಕಿದೆ. ಅವರ ರೆಪ್ಪೆಯನ್ನು ಎರಡು ಬೆರಳಲ್ಲಿ ಬಿಡಿಸಿ ಹಿಡಿದಾಗ ಆ ಕಣ್ಣು ದಿನದಿಂದ ದಿನಕ್ಕೆ ತಿಳಿಯಾಗುವುದು ಕಾಣುತ್ತಿತ್ತು. ಕೌದಿಯನ್ನು ತೊಳೆದು ಮಡಿಸಿ ಇಟ್ಟಿದ್ದೇನೆ, ಧೂಳು ಕಣ್ಣಿಗೆ ಬೀಳಬಾರದು ಎಂದು ಹೇಳಿದ್ದೆ. ಹೊಸ ಲೆನ್ಸಿಗೆ ಕೆಲವು ದಿನ ಎಲ್ಲವೂ ತುಸು ನೀಲಿಯಾಗಿ, ಹೆಚ್ಚು ಬೆಳ್ಳಗೆ ಕಾಣಬಹುದು, ಗಾಬರಿಯಾಗಬೇಡಿ, ಹೊಂದಿಕೊಳ್ಳುತ್ತದೆ ಎಂದು ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಆ ಮಾತನ್ನು ನಾನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದೆ. ಹಳಿಯಾಳ ಬರುವಷ್ಟರಲ್ಲಿ ಅದು ನನಗೆ ಬೇಕಾದ ಆಕಾರಕ್ಕೆ ಬಂದಿತ್ತು.

ಕರಿ ಕನ್ನಡಕ ತೆಗೆಯಬಹುದು ಎಂದ ದಿನ, ಮುಂಜಾನೆಯ ಚಹಾ ಆದ ಮೇಲೆ, ಅಂಗಳದಲ್ಲಿ ಮಂಚ ಹಾಕಿಸಿ ಕೌದಿ ಹರಡಿಸಿದರು. ನಾನು ಅಂದು ನೀಲಿ ಸೀರೆ ಉಟ್ಟಿದ್ದೆ. ಅತ್ತೆ ಬಗ್ಗಿ ನೋಡತೊಡಗಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಬೆರಳಿಟ್ಟು.

"ಇದು ಯಾವುದ?"

"ಪರ್ಕಾರದ್ದ್ರಿ."

"ಪರ್ಕಾರ ನವಿಲ ಬಣ್ಣದ್ದು ಇತ್ತು. ಇದು ಹಸರ ಐತಿ. ಹೂವ ಅದಾವು. ಅದಕ್ಕ ಹೂವ ಇರಲಿಲ್ಲ."

"ಡಾಕ್ಟರ್ ಹೇಳಿದ್ರಲ್ರಿ ಅತ್ತಿ, ಹೊಸಾ ಲೆನ್ಸಿಗೆ ಬಣ್ಣ ಬ್ಯಾರೆ ಕಾಣ್ತಾವಂತ."

"ಹೂವೂ ಕಾಣ್ತಾವೇನ?"

"ಹೂವ ಮೊದಲೂ ಇದ್ವು ರೀ. ಸಣ್ಣವು. ಮಾಸಿದ್ವು, ತೊಳದ ಮ್ಯಾಲೆ ಎದ್ದಾವು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಎಷ್ಟೋ ವರ್ಷದ ನಂತರ ನನ್ನ ಮುಖವನ್ನು ನಿಚ್ಚಳವಾಗಿ ಕಂಡದ್ದು ಆಗಲೇ ಇರಬೇಕು. "ನೀ ಉಟ್ಟಿದ್ದು ಏನ್ ಬಣ್ಣದ್ದು?"

"ನಿಮಗ ಹೆಂಗ ಕಾಣ್ತೈತ್ರಿ?"

"ನೀಲಿ."

"ಇದು ಹಸರ ಸೀರಿ ರೀ ಅತ್ತಿ," ಎಂದೆ, ಬಹಳ ಮೆತ್ತಗೆ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ.

ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆಕಾಶ ನೋಡಿದರು. ಬೇಲಿಯ ದಾಸವಾಳ ನೋಡಿದರು. ಮಧ್ಯಾಹ್ನ ಊಟಕ್ಕೆ ಮಗ ಬಂದಾಗ ಕೇಳಿದರು, "ಏನೋ, ನಿನ್ನ ತಂಗೀದು ಪರ್ಕಾರ ಇತ್ತಲ್ಲ, ಹಬ್ಬಕ್ಕ ಹೊಲಿಸಿದ್ದು, ಅದು ಏನ್ ಬಣ್ಣದ್ದು?"

"ಅವ್ವಾ, ನನಗೇನ ನೆನಪಿರ್ತೈತಿ?"

"ಹಸರೇನ?"

"ಇರಬೇಕು," ಎಂದು ಅವರು ಸಾರಿಗೆ ಕೈ ಚಾಚಿದರು. "ಯಾಕ, ಈಕೀ ನೋಡ್ಯಾಳಲ್ಲ, ಈಕೀನ್ನ ಕೇಳು." ಅಷ್ಟರಲ್ಲಿ ನಾನು ಸೀರೆ ಬದಲಾಯಿಸಿ ಹಸಿರು ಉಟ್ಟಿದ್ದೆ. ಅದರ ಬಣ್ಣ ಕೇಳಿದರೂ ಮಗ ಹಸಿರೆನ್ನಬೇಕಲ್ಲ.

ಮರುದಿನ ಎದುರುಮನೆಯಾಕೆ ಬಂದು ಕೌದಿ ನೋಡಿ, "ಛಲೋ ಆಗೇತ್ರಿ, ಬಣ್ಣ ಭಾಳ ಕೂಡ್ಯಾವು," ಎಂದಳು. ಅತ್ತೆ, "ನನಗ ಬಣ್ಣ ಸರಿ ಕಾಣಂಗಿಲ್ಲವಾ, ಲೆನ್ಸಿಂದು," ಎಂದರು. ಹಾಗೆ ಶುರುವಾಯಿತು. ಮೊದಲು ಅವರು ಕಣ್ಣನ್ನು ನಂಬುವುದು ಬಿಟ್ಟರು. ಆಮೇಲೆ ನೆನಪನ್ನು. ಒಂದು ವರ್ಷದೊಳಗೆ ಅವರ ಮಗಳು ಹಸಿರು ಹೂವಿನ ಪರ್ಕಾರ ತೊಟ್ಟವಳಾದಳು. ಕಂದು ಪಟ್ಟೆಯ ಕುಪ್ಪಸದವಳಾದಳು. ನನ್ನ ಮಗಳಿಗೆ ಈಗ ಎಂಟು ವರ್ಷ. ಮೊಬೈಲಿನಲ್ಲಿ ಬೆರಳಿನಿಂದ ಚಿತ್ರ ಬರೆಯುತ್ತಾಳೆ. ಅಜ್ಜಿಯ ಪಕ್ಕ ಕೂತು ಕೇಳಿ ಕೇಳಿ ಸೋದರತ್ತೆಯ ಚಿತ್ರ ಬರೆದಳು. ಹಸಿರು ಲಂಗ, ಕೆಂಪು ಹೂವು. ಮುಖ ಸರಿ ಬರಲಿಲ್ಲ ಎಂದು ಹಿಂದೆ ಹೋಗಲು ನೋಡಿದಾಗ, ಡಿಸ್ಕಾರ್ಡ್ ಮಾಡಲೇ ಎಂದು ಮೊಬೈಲು ಕೇಳಿತು. ಹಾಗೆಂದರೇನು ಎಂದು ಅವಳು ನನ್ನನ್ನು ಕೇಳಿದಳು. "ಅಳಿಸೂದು," ಎಂದೆ. ಅವಳು ಒತ್ತಿದಳು.

ಮಗುವಿಗೆ ನಾನು ಸುಳ್ಳು ಹೇಳಿದೆ. ಅಳಿಸುವುದು ಬೇರೆ. ಆ ಟ್ರಂಕಿನಲ್ಲಿ ಏನೇನಿತ್ತು ಎಂದು ಈಗ ಜಗತ್ತಿನಲ್ಲಿ ಬಲ್ಲವಳು ನಾನೊಬ್ಬಳೇ. ಹಳದಿ ನೈಟಿಯ ಅಂಗಿಗುಂಡಿ, ಕುಪ್ಪಸದ ಬಗಲು, ಕಾಗದದ ಗೊಂಬೆಯ ಜಡೆ. ನಾನು ಕಂಡೇ ಇರದ ಆ ಹುಡುಗಿ ಪೂರ್ತಿಯಾಗಿ ನನ್ನ ಹತ್ತಿರ ಇದ್ದಾಳೆ, ಅವಳ ತಾಯಿಯ ಹತ್ತಿರ ಇಲ್ಲ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ಒಂದು ದಿನ ಆಗಬಹುದು. ಈವರೆಗೆ ಆಗಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ನಾವಿಬ್ಬರೂ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ ಈಗ ಬಹಳ ಸೊರಗಿದ್ದಾರೆ. ಕೌದಿ ಮಡಿಲ ಮೇಲಿತ್ತು, ಹಗಲೂ ಬಿಡುವುದಿಲ್ಲ. ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

"ನೀ ಟ್ರಂಕ್ ತಗದಾಕಿ. ನಿನಗ ಆವಾಗ ಕಣ್ಣ ಛಲೋ ಇದ್ವು. ಖರೇ ಹೇಳು. ಆ ಪರ್ಕಾರ ಏನ್ ಬಣ್ಣದ್ದಿತ್ತು?"

"ಯಾಕ್ರಿ ಅತ್ತಿ?"

"ಕನಸಿನ್ಯಾಗ ಬರ್ತಾಳ. ಬಂದಾಗೊಮ್ಮೆ ನವಿಲ ಬಣ್ಣದ್ದ ಉಟ್ಟಿರ್ತಾಳ. ಹಸರ ಉಟಗೊಂಡ ಬಾ ಅಂತೀನಿ, ಬರೂದಿಲ್ಲ. ಬ್ಯಾರೆ ಯಾರರ ಬರಾಕತ್ತಾರೇನೋ ಅಂತ ಅಂಜಿಕಿ ಆಕ್ಕೈತಿ ನನಗ. ಒಳಗ ಕರೀಲಾರದ ಹಂಗ ಕಳಿಸಿಬಿಡ್ತೀನಿ."

ಅವರ ದನಿಯಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಿಳಿಯಾದ ಎರಡು ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು.

"ಹಸರ ಇತ್ರಿ ಅತ್ತಿ," ಎಂದೆ.

"ಹಂಗಾರ ಆಕೀ ಅಲ್ಲ," ಎಂದರು ಅವರು, ಮತ್ತೆ ಒಂದು ಅವರೆಕಾಯಿ ಕೈಗೆತ್ತಿಕೊಂಡರು.